ವಿದ್ಯಾರ್ಥಿಯ ಬರವಣಿಗೆ ಮತ್ತು ಓರಗೆಯವರ ತಿದ್ದುಪಡಿ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಇತಿಹಾಸದಿಂದ ಕೆಲವು ನಿದರ್ಶನಗಳು

೧

ಪದವಿ ತರಗತಿಯ ವಿದ್ಯಾರ್ಥಿಗಳು ತಮ್ಮ ಊರಿನ ದೇವಾಲಯವನ್ನೋ ಕೆರೆಯನ್ನೋ ಜಾತ್ರೆಯನ್ನೋ ಕುರಿತು ಕಿರು ಸಂಶೋಧನ ಪ್ರಬಂಧವನ್ನು ಬರೆಯುವ ಪದ್ಧತಿ ಈಗ ಸಾಮಾನ್ಯವಾಗಿದೆ. ಪ್ರಬಂಧದ ಮೊದಲ ಕರಡನ್ನು ಅಧ್ಯಾಪಕರ ಕೈಗೆ ಒಪ್ಪಿಸುವ ಮುನ್ನ ಸಹಪಾಠಿಗಳು ಓದಿ ಅಭಿಪ್ರಾಯ ಹೇಳುವ ಕ್ರಮವೂ ಕೆಲವೆಡೆ ಬಳಕೆಗೆ ಬಂದಿದೆ. ಬರೆದವನು ಆ ಅಭಿಪ್ರಾಯಗಳನ್ನು ಪರ್ಯಾಲೋಚಿಸಿ, ಕೊಳ್ಳತಕ್ಕುದನ್ನು ಕೊಂಡು, ಬಿಡತಕ್ಕುದನ್ನು ಬಿಟ್ಟು, ಕರಡನ್ನು ಪರಿಷ್ಕರಿಸುತ್ತಾನೆ. ಇದು ಪರದೇಶದ ಶಿಕ್ಷಣಕ್ರಮದಿಂದ ಬಂದ ಹೊಸ ಪದ್ಧತಿಯೆಂದು ಹಲವರು ಭಾವಿಸುವುದುಂಟು. ಬರೆದುದನ್ನು ಓರಗೆಯವರಿಗೆ ತೋರಿಸಿ ತಿದ್ದಿಕೊಳ್ಳುವ ವಿಷಯದಲ್ಲಿ ಕನ್ನಡನಾಡಿಗೆ ದೀರ್ಘವಾದ ಪರಂಪರೆಯಿದೆ. ಆ ಪರಂಪರೆಯ ಕೆಲವು ಮುಖ್ಯ ನಿದರ್ಶನಗಳು ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿಯೇ ದೊರೆಯುತ್ತವೆ.

ಪ್ರಕೃತ ಲೇಖನದ ಉದ್ದೇಶ ಆ ನಿದರ್ಶನಗಳನ್ನು ಒಂದೆಡೆ ಇಟ್ಟು ನೋಡುವುದು. ಇದರ ಹಿಂದೆ ವಿದ್ಯಾರ್ಥಿಗಳನ್ನು ನಿಜವಾಗಿಯೂ ಕಾಡುವ ಒಂದು ಪ್ರಶ್ನೆಯಿದೆ. ಹತ್ತು ಮಂದಿ ತಿದ್ದಿದ ಬರಹ ಯಾರದು? ಇತರರ ಮಾತನ್ನು ಒಪ್ಪಿಕೊಂಡಷ್ಟೂ ಬರಹ ಉತ್ತಮವಾಗಬಹುದು. ಆದರೆ ಅದೇ ಪ್ರಮಾಣದಲ್ಲಿ ಅದು ಬರೆದವನ ಕೈಯಿಂದ ಜಾರಿಹೋಗುವುದೇ? ಇತಿಹಾಸವು ಈ ಪ್ರಶ್ನೆಗೆ ಒಂದು ಉತ್ತರವನ್ನು ಸೂಚಿಸುತ್ತದೆ. ತಿದ್ದುಪಡಿಯಿಂದ ಕರ್ತೃತ್ವಕ್ಕೆ ಹಾನಿಯಿಲ್ಲ. ಯಾರು ಏನು ಹೇಳಿದರು, ಬರೆದವನು ಅದನ್ನು ಏಕೆ ಒಪ್ಪಿದನು ಅಥವಾ ಏಕೆ ಬಿಟ್ಟನು ಎಂಬ ದಾಖಲೆ ಅಳಿದುಹೋದಾಗಲೇ ಹಾನಿಯುಂಟಾಗುತ್ತದೆ. ಮುಂದಿನ ವಿವೇಚನೆಯಿಂದ ಇದು ಸ್ಪಷ್ಟವಾಗಬಹುದೆಂದು ನಂಬಿದ್ದೇವೆ.

೨

ಈ ಸೀಮೆಗೆ ಬರುವ ಮೊದಲು ಕನ್ನಡದ ಮೊದಲ ಲಕ್ಷಣಗ್ರಂಥವನ್ನು ನೆನೆಯುವುದು ಅವಶ್ಯ. ಸುಮಾರು ಕ್ರಿ.ಶ. ೮೫೦ರ ಕವಿರಾಜಮಾರ್ಗವು ಕಾವ್ಯದೋಷಗಳನ್ನು ವಿವರಿಸುವ ಸಂದರ್ಭದಲ್ಲಿ ಒಂದು ಸೊಗಸಾದ ಹೋಲಿಕೆಯನ್ನು ತರುತ್ತದೆ. ಕಣ್ಣು ತನ್ನಲ್ಲಿ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಹಾಗೆಯೇ ಬರೆದವನು ತನ್ನ ದೋಷವನ್ನು ತಾನು ಕಾಣಲಾರನು ಎಂಬುದು ಅದರ ತಾತ್ಪರ್ಯ. ಕಾಡಿಗೆ ಕಣ್ಣಿಗೆ ಅತಿ ಸಮೀಪದಲ್ಲಿರುವುದರಿಂದಲೇ ಅದಕ್ಕೆ ಕಾಣದು. ಬರೆದವನ ಅಜ್ಞಾನವಾಗಲಿ ಅಲಕ್ಷ್ಯವಾಗಲಿ ಇಲ್ಲಿ ಕಾರಣವಲ್ಲ. ಬರಹಕ್ಕೂ ಅವನಿಗೂ ಇರುವ ಸಾಮೀಪ್ಯವೇ ಕಾರಣ. ಓರಗೆಯವರ ಓದು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಹಿತವಾದ ಸಮಾಧಾನವನ್ನು ಹೇಳುವುದು ಕಷ್ಟ.

ಅದೇ ಗ್ರಂಥವು ತಿದ್ದುವವನಿಗೂ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಕನ್ನಡದಲ್ಲಿ ದೇಸಿಯು ನಾಡುನಾಡಿಗೆ ಬೇರೆಬೇರೆಯಾಗಿರುವುದರಿಂದ, ದೋಷಗಳು ಇಷ್ಟೇ ಎಂದು ಎಣಿಸಿ ಹೇಳಹೊರಟರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರವಾದೀತು ಎಂದು ಅದು ಹೇಳುತ್ತದೆ. ತನ್ನ ಊರಿನ ಮಾತಿನಂತಿಲ್ಲವೆಂಬ ಕಾರಣದಿಂದಲೇ ಇನ್ನೊಬ್ಬನ ಮಾತು ತಪ್ಪಾಗುವುದಿಲ್ಲ.

ಕವಿರಾಜಮಾರ್ಗದ ಕರ್ತೃವಿನ ಪ್ರಶ್ನೆಯೂ ನಮ್ಮ ವಿಷಯಕ್ಕೆ ಸಂಬಂಧಿಸಿದುದೇ. ಗ್ರಂಥವು ನೃಪತುಂಗದೇವನಿಗೆ ಅನುಮತವಾದುದೆಂದು ಹೇಳಿಕೊಂಡಿದೆ. ಈ ಅನುಮತ ಎಂಬ ಮಾತಿನ ಅರ್ಥವೇನು? ಅರಸನು ತಾನೇ ಬರೆದನೇ, ಬರೆದುದನ್ನು ಕೇಳಿ ಒಪ್ಪಿದನೇ, ಇಲ್ಲವೆ ಅವನ ಅಭಿಪ್ರಾಯಗಳನ್ನು ಆಸ್ಥಾನಕವಿಯೊಬ್ಬನು ಗ್ರಂಥರೂಪಕ್ಕೆ ತಂದನೇ? ನೃಪತುಂಗನೇ ಕರ್ತೃವೆಂದು ಕೆಲವರೂ, ಶ್ರೀವಿಜಯನು ಕರ್ತೃವೆಂದು ಹಲವರೂ ವಾದಿಸಿದ ವಿಷಯ ಕನ್ನಡ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಈಗ ಶ್ರೀವಿಜಯನ ಪಕ್ಷವೇ ಬಲವಾಗಿದೆ. ಓದಿ ಒಪ್ಪಿದವನೂ ಬರೆದವನೂ ಬೇರೆಬೇರೆಯವರೆಂಬುದನ್ನು ಬಿಡಿಸಿ ಹೇಳುವ ಒಂದು ವಾಕ್ಯ ಇಲ್ಲದುದರಿಂದ ವಿದ್ವಾಂಸರು ಬಹುಕಾಲ ಚರ್ಚಿಸಬೇಕಾಯಿತು.

೩

ಹಳೆಯ ಗ್ರಂಥಗಳ ಕರಡುಗಳು ನಮಗೆ ಏಕೆ ದೊರೆಯುವುದಿಲ್ಲ? ಇದಕ್ಕೆ ಬರವಣಿಗೆಯ ಸಾಮಗ್ರಿಯೂ ಒಂದು ಕಾರಣ. ಕಂಠದಿಂದ ಓಲೆಯ ಮೇಲೆ ಕೊರೆದ ಅಕ್ಷರವನ್ನು ಅಳಿಸಲು ಬಾರದು. ಬಿಟ್ಟುಹೋದ ಅಕ್ಷರವನ್ನು ಸೇರಿಸಲು ಹಂಸಪಾದದ ಗುರುತು ಹಾಕಿ ಸಾಲಿನ ಮೇಲೋ ಅಂಚಿನಲ್ಲೋ ಬರೆಯುತ್ತಿದ್ದರು. ಬೇಡವಾದುದನ್ನು ಗೀಟಿನಿಂದ ಸೂಚಿಸುತ್ತಿದ್ದರು. ಆದುದರಿಂದ ಓಲೆಗೆ ಏರುವಷ್ಟರಲ್ಲಿ ಬರಹವು ಬಹುಮಟ್ಟಿಗೆ ಸಿದ್ಧವಾಗಿರಬೇಕಾಗಿತ್ತು. ಪ್ರತಿಕಾರರು ಗ್ರಂಥದ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಬೇಕೆಂದು ಬಲ್ಲವರನ್ನು ಬೇಡಿಕೊಳ್ಳುವುದು ವಾಡಿಕೆಯಾಗಿತ್ತು. ಓದುವವನನ್ನು ತಿದ್ದುವವನೆಂದೇ ಭಾವಿಸಿದ ಸಂಪ್ರದಾಯವಿದು.

ಅಳಿಸಿ ಬರೆಯಲು ಅನುಕೂಲವಾದ ಬೇರೆ ಸಾಧನಗಳಿದ್ದುವು. ಮಠದ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಲೆಕ್ಕಪತ್ರಗಳಿಗೆ ಕಡತವಿತ್ತು. ಗಂಜಿ ಮತ್ತು ಇದ್ದಲಿನ ಪುಡಿಯನ್ನು ಬಳಿದ ಉದ್ದನೆಯ ಅರಿವೆಯನ್ನು ಪುಸ್ತಕದಂತೆ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನ ಇತಿಹಾಸವನ್ನು ಬರೆದ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕಡತವನ್ನು ವರ್ಣಿಸಿ, ಅದರ ಬರಹವನ್ನು ಅಳಿಸಿ ಮತ್ತೆ ಬರೆಯಬಹುದೆಂದು ಗಮನಿಸಿದ್ದಾನೆ. ಮರಳಿನಿಂದ ಬಳಪಕ್ಕೆ, ಬಳಪದಿಂದ ಓಲೆಗೆ ಎಂಬ ಈ ಕ್ರಮದಲ್ಲಿ ಉಳಿದುಬಂದುದು ಕೊನೆಯ ಹಂತ ಮಾತ್ರ. ಯಾರ ಮಾತಿನಿಂದ ಯಾವ ಪದ ಬದಲಾಯಿತು, ಎಷ್ಟು ಸಾಲುಗಳು ಬಿದ್ದುಹೋದುವು ಎಂಬುದೆಲ್ಲ ಅರಿವೆಯೊಡನೆಯೇ ಒರಸಿಹೋಯಿತು. ಪರಿಷ್ಕರಣದ ಇತಿಹಾಸವನ್ನು ಬರೆಯುವವನು ಈ ಕಾರಣದಿಂದ ಪೀಠಿಕೆಗಳನ್ನೂ ಅಂತ್ಯವಾಕ್ಯಗಳನ್ನೂ ಆಶ್ರಯಿಸಬೇಕಾಗಿದೆ.

೪

ಇಂತಹ ಪೀಠಿಕೆಗಳಲ್ಲಿ ಯಳಂದೂರಿಗೆ ಸೇರಿದುದೊಂದು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು. ಹದಿನಾಡಿನ ಪಾಳೆಯಗಾರರ ನೆಲೆಯಾಗಿದ್ದ ಯಳಂದೂರು ಹದಿನೇಳನೆಯ ಶತಮಾನದಲ್ಲಿ ವಿದ್ಯೆಗೆ ಹೆಸರಾದ ಊರು. ರಾಜಶೇಖರವಿಳಾಸವನ್ನು ಬರೆದ ಷಡಕ್ಷರದೇವನ ಸಮಾಧಿ ಅಲ್ಲಿದೆ. ಅದೇ ಊರಿನ ಹೊನ್ನಮ್ಮನು ಮೈಸೂರಿನ ಅರಮನೆಯಲ್ಲಿ ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ರಾಣಿ ದೇವಾಜಮ್ಮಣ್ಣಿಯ ಬಳಿ ಎಲೆಯಡಕೆಯ ಸಂಚಿಯ ಊಳಿಗದಲ್ಲಿದ್ದಳು. ಸಂಚಿಯ ಹೊನ್ನಮ್ಮನೆಂಬ ಹೆಸರು ಈ ಊಳಿಗದಿಂದ ಬಂದುದು. ಈಕೆ ಬರೆದ ಹದಿಬದೆಯ ಧರ್ಮವು ಒಂಬತ್ತು ಸಂಧಿಗಳ ಸಾಂಗತ್ಯಕೃತಿ. ಪತಿವ್ರತೆಯ ನಡವಳಿಕೆಯನ್ನು ವಿವರಿಸುವುದು ಅದರ ವಸ್ತು.

ಹೊನ್ನಮ್ಮನ ಗುರು ಅಳಸಿಂಗರಾರ್ಯ. ಈತನು ಮಂತ್ರಿ ತಿರುಮಲಾರ್ಯನ ತಮ್ಮ. ಹರ್ಷನ ರತ್ನಾವಳಿಯನ್ನು ಅನುಸರಿಸಿ ಮಿತ್ರವಿಂದಾ ಗೋವಿಂದವೆಂಬ ನಾಟಕವನ್ನು ರಚಿಸಿದವನು. ಉಪಲಬ್ಧವಾದ ಕನ್ನಡ ನಾಟಕಗಳಲ್ಲಿ ಇದೇ ಮೊದಲನೆಯದು. ಹೊನ್ನಮ್ಮನು ಈ ಗುರುವನ್ನು ಭಕ್ತಿಯಿಂದ ಸ್ಮರಿಸುತ್ತಾಳೆ. ಆಕೆಯ ಕವಿತಾಶಕ್ತಿಯನ್ನು ಗುರುವೇ ಹೊಗಳಿದನೆಂದೂ, ಅರಮನೆಯ ಅಪ್ಪಣೆಯಿಂದ ಕಾವ್ಯರಚನೆಗೆ ತೊಡಗಿದಳೆಂದೂ ಆಕೆಯ ಕೃತಿಯಿಂದ ತಿಳಿದುಬರುತ್ತದೆ. ಇಲ್ಲಿ ವಿದ್ಯಾರ್ಥಿನಿಯ ಬರವಣಿಗೆಯ ಎಲ್ಲ ಅಂಗಗಳೂ ಕೂಡಿವೆ. ಬರೆಯುವವಳು ಒಬ್ಬ ಊಳಿಗದ ಹೆಂಗಸು, ಮೇಲೆ ಗುರುವಿದ್ದಾನೆ, ವಿಷಯವನ್ನು ಸೂಚಿಸುವ ಒಡೆಯರಿದ್ದಾರೆ, ಕೇಳಿ ತೂಗಿನೋಡುವ ವಿದ್ವಾಂಸರ ಮಂಡಲಿಯಿದೆ.

ಹೀಗಿರುವಾಗ ಕೃತಿಯಲ್ಲಿ ಹೊನ್ನಮ್ಮನ ಪಾಲೆಷ್ಟು? ಈ ಪ್ರಶ್ನೆ ಆ ಆಸ್ಥಾನದ ಮಟ್ಟಿಗೆ ಅಪ್ರಸ್ತುತವಲ್ಲ. ಚಿಕ್ಕದೇವರಾಜ ಒಡೆಯರ ಹೆಸರಿನಲ್ಲಿರುವ ಬಿನ್ನಪವು ವಾಸ್ತವವಾಗಿ ತಿರುಮಲಾರ್ಯನ ರಚನೆಯೆಂದು ಅಭಿಪ್ರಾಯಪಟ್ಟ ವಿದ್ವಾಂಸರಿದ್ದಾರೆ. ಪಂಡಿತನ ಬರಹಕ್ಕೆ ಪ್ರಭುವಿನ ಹೆಸರು ಬರಬಹುದಾಗಿದ್ದ ಪರಿಸರದಲ್ಲಿ, ಸಂಚಿ ಹಿಡಿಯುವವಳ ಬರಹವು ಗುರುವಿನ ಹೆಸರಿಗಾಗಲಿ ಒಡೆಯರ ಹೆಸರಿಗಾಗಲಿ ಸೇರದೆ ಆಕೆಯ ಹೆಸರಿನಲ್ಲಿಯೇ ನಿಂತುದು ಸಣ್ಣ ಸಂಗತಿಯಲ್ಲ. ಇದಕ್ಕೆ ಆಕೆಯ ಗುರುವೂ ಒಂದು ಕಾರಣವೆಂದು ಹೇಳಬಹುದು. ತನ್ನ ಶಿಷ್ಯೆಯ ಶಕ್ತಿಯನ್ನು ಇತರರ ಮುಂದೆ ಎತ್ತಿ ಹೇಳಿ, ಕೃತಿಯನ್ನು ಆಕೆಗೇ ಬಿಟ್ಟುಕೊಟ್ಟ ಗುರು ಆತ.

ಕೃತಿಯ ಒಳಗಿನ ಸಾಕ್ಷ್ಯವೂ ಇದನ್ನೇ ಸೂಚಿಸುತ್ತದೆ. ಸ್ಮೃತಿಪುರಾಣಗಳಿಂದ ಬಂದ ಧರ್ಮವಿಷಯಗಳು ಗುರುಮುಖದಿಂದ ಆಕೆಗೆ ದೊರೆತಿರಬೇಕು. ಆದರೆ ಆಕೆ ಆರಿಸಿಕೊಂಡುದು ಹಾಡಲು ಒಗ್ಗುವ ಸಾಂಗತ್ಯವನ್ನು. ಭಾಷೆ ತಿಳಿಯಾದ ಕನ್ನಡ. ಗುರುವಿನ ನಾಟಕದ ಪಾಂಡಿತ್ಯದ ಜಾಡನ್ನು ಶಿಷ್ಯೆ ಹಿಡಿಯಲಿಲ್ಲ. ಹಿಡಿಯಬೇಕೆಂದು ಗುರು ಒತ್ತಾಯಿಸಿದಂತೆಯೂ ತೋರುವುದಿಲ್ಲ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯವಾದುದು. ಹೆಂಡತಿಯ ವಿಧೇಯತೆಯನ್ನು ಬೋಧಿಸಲು ಹೊರಟ ಈ ಗ್ರಂಥದ ನಡುವೆಯೇ, ಹೆಣ್ಣುಮಗುವನ್ನು ಕೀಳಾಗಿ ಕಾಣುವವರನ್ನು ಕುರಿತು ಹೊನ್ನಮ್ಮನು ಕೇಳುವ ಪ್ರಶ್ನೆ ಪ್ರಸಿದ್ಧವಾಗಿದೆ. ನಮ್ಮನ್ನು ಹೆತ್ತವಳೂ ಹೊತ್ತು ಬೆಳೆಸಿದವಳೂ ಹೆಣ್ಣೇ ಆಗಿರುವಾಗ ಹೆಣ್ಣೆಂದು ಹಳಿಯುವುದೇಕೆ ಎಂಬುದು ಆ ಪ್ರಶ್ನೆಯ ಭಾವ. ಧರ್ಮಶಾಸ್ತ್ರದ ಸಾರಾಂಶವನ್ನು ಬರೆಯಲು ಹೇಳಿದವರು ಈ ಪ್ರಶ್ನೆಯನ್ನು ಬರೆಯೆಂದು ಹೇಳಿದ್ದರೆಂದು ಊಹಿಸಲು ಕಾರಣವಿಲ್ಲ. ಬರೆದ ಮೇಲೆ ಅದನ್ನು ತೆಗೆದುಹಾಕೆಂದು ಯಾರಾದರೂ ಹೇಳಿದ್ದರೆ, ಆಕೆ ತೆಗೆಯಲಿಲ್ಲ. ಯಾರೂ ಹೇಳದಿದ್ದರೆ, ಆ ಮಂಡಲಿಯ ಓದಿನಲ್ಲಿ ಔದಾರ್ಯವಿತ್ತು. ಎರಡರಲ್ಲಿ ಯಾವುದು ನಿಜವಾದರೂ ಒಪ್ಪಿಕೊಳ್ಳುವುದಕ್ಕೂ ಉಳಿಸಿಕೊಳ್ಳುವುದಕ್ಕೂ ನಡುವಣ ವಿವೇಕವು ಕೃತಿಯಲ್ಲಿ ಎದ್ದು ತೋರುತ್ತದೆ. ಕನ್ನಡಿಗರು ಇಂದು ಹೊನ್ನಮ್ಮನನ್ನು ನೆನೆಯುವುದು ಬಹುಮಟ್ಟಿಗೆ ಆ ಪ್ರಶ್ನೆಗಾಗಿಯೇ.

೫

ಅರಮನೆಯಿಂದ ಈಗ ಬೆಟ್ಟದ ಕಡೆಗೆ ನಡೆಯೋಣ. ಹನೂರು ಈಚಿನವರೆಗೂ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿದ್ದು ಈಗ ತಾನೇ ಒಂದು ತಾಲ್ಲೂಕಾಗಿದೆ. ಮಲೆಯ ಮಹದೇಶ್ವರನ ಬೆಟ್ಟ ಇರುವುದು ಈ ತಾಲ್ಲೂಕಿನಲ್ಲಿ. ದೇವರಗುಡ್ಡರು ಕಂಸಾಳೆಯನ್ನು ಹಿಡಿದು ಹಾಡುವ ಮಾದಪ್ಪನ ಕಥೆ, ಚಿಕ್ಕಲ್ಲೂರಿನ ಜಾತ್ರೆಗೆ ಸೇರುವ ನೀಲಗಾರರು ತಂಬೂರಿಯೊಡನೆ ಹಾಡುವ ಮಂಟೇಸ್ವಾಮಿಯ ಕಥೆ, ಇವೆರಡೂ ಈ ಸೀಮೆಯ ದೊಡ್ಡ ಮೌಖಿಕ ಕಾವ್ಯಗಳು. ಮಾದಪ್ಪನ ಕಾವ್ಯವು ಸಂಕವ್ವನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಮೊದಲಾದ ಸಾಲುಗಳಾಗಿ ಹರಡಿಕೊಂಡಿದೆ.

ಇಲ್ಲಿ ಓಲೆಯೂ ಇಲ್ಲ, ಕಡತವೂ ಇಲ್ಲ. ಕಲಿಯುವವನು ಹಿಮ್ಮೇಳದಲ್ಲಿ ನಿಂತು ಸೊಲ್ಲನ್ನು ಹಿಡಿಯುತ್ತ, ಮುಂದೆ ಹಾಡುವವನ ಕಥೆಯನ್ನು ಕೇಳುತ್ತ ಕಲಿಯುತ್ತಾನೆ. ಹಾಡು ನಡೆಯುತ್ತಿರುವಾಗಲೇ ಜೊತೆಗಾರರು ಅದನ್ನು ಎತ್ತಿಕೊಳ್ಳುವುದರಿಂದ, ಅವರ ಓದು ಎಂದರೆ ಅವರ ದನಿಯೇ. ಮುಂದಾಳು ಎಡವಿದರೆ ಹಿಂದಿನವರು ಸೊಲ್ಲಿನಿಂದ ಸಾವರಿಸಬಹುದು. ಕಥೆ ಬಲ್ಲ ಒಕ್ಕಲು ಮುಂದೆ ಕುಳಿತು ಕೇಳುತ್ತಿರುವಾಗ ಮುಖ್ಯವಾದ ಘಟನೆಯನ್ನು ಬಿಟ್ಟು ಹಾರುವುದು ಸುಲಭವಲ್ಲ. ಬರಹದ ಜಗತ್ತಿನಲ್ಲಿ ತಿದ್ದುಪಡಿಯು ಬರೆದ ಮೇಲೆ ಬರುತ್ತದೆ. ಹಾಡಿನ ಜಗತ್ತಿನಲ್ಲಿ ಅದು ರಚನೆಯೊಡನೆಯೇ ಸಾಗುತ್ತದೆ.

ಈ ಕಾವ್ಯಗಳು ಅಚ್ಚಿಗೆ ಬಂದಾಗ ತಿದ್ದುಪಡಿಯ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತು. ಪಿ. ಕೆ. ರಾಜಶೇಖರ ಅವರ ಸಂಪಾದನೆಯಲ್ಲಿ ಮಲೆಯ ಮಾದೇಶ್ವರ ೧೯೭೩ರಲ್ಲಿ ಹೊರಬಂದಿತು. ೧೯೯೭ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಕೇಶವನ್ ಪ್ರಸಾದ್ ಅವರು ಸಂಪಾದಿಸಿದ ಇನ್ನೊಂದು ಪಾಠವನ್ನೂ, ಹಿ. ಚಿ. ಬೋರಲಿಂಗಯ್ಯ ಅವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನೂ ಪ್ರಕಟಿಸಿತು. ಒಂದೇ ಕಥೆಯ ಭಿನ್ನ ಪಾಠಗಳಲ್ಲಿ ಒಂದನ್ನು ಸರಿಯೆಂದೂ ಉಳಿದುದನ್ನು ತಪ್ಪೆಂದೂ ತೀರ್ಮಾನಿಸುವುದು ಇಲ್ಲಿ ಸಲ್ಲದು. ಗಾಯಕನು ಹಕಾರವನ್ನು ಬಿಟ್ಟು ಹಾಲನ್ನು ಆಲೆಂದರೆ, ಅದನ್ನು ವ್ಯಾಕರಣದಂತೆ ತಿದ್ದಿದ ಸಂಪಾದಕನು ಭಾಷೆಯ ಇತಿಹಾಸಕ್ಕೆ ಬೇಕಾದ ಸಾಕ್ಷ್ಯವನ್ನು ಅಳಿಸಿದಂತಾಗುತ್ತದೆ. ವಾಸುಕಿಗೂ ಬೇಸರ ಬರಿಸುವ ದೇಸಿಯ ವೈವಿಧ್ಯವನ್ನು ಕುರಿತ ಹಳೆಯ ಎಚ್ಚರಿಕೆ ಇಲ್ಲಿ ನೆನಪಿಗೆ ಬರಬೇಕು. ಹನೂರಿನ ವಿದ್ಯಾರ್ಥಿಯೊಬ್ಬನು ತನ್ನ ಊರಿನ ಗುಡ್ಡನ ಮಾತನ್ನು ಕೇಳಿದಂತೆಯೇ ಬರೆದುಕೊಂಡು ಬಂದಾಗ, ಪಟ್ಟಣದ ಸಹಪಾಠಿಯು ಆ ಮಾತುಗಳಿಗೆ ಕೆಂಪು ಗೀಟು ಎಳೆದರೆ, ಆ ಗೀಟುಗಳನ್ನು ವಿನಯದಿಂದ ನಿರಾಕರಿಸುವುದು ವಿದ್ಯಾರ್ಥಿಯ ಕರ್ತವ್ಯ. ತನ್ನ ಸ್ವಂತ ವಾಕ್ಯಗಳಿಗೆ ಎಳೆದ ಗೀಟುಗಳನ್ನು ಮಾತ್ರ ಗಂಭೀರವಾಗಿ ಪರಿಶೀಲಿಸತಕ್ಕದ್ದು.

೬

ಓರಗೆಯ ಓದುಗರ ನೆರವು ಇಲ್ಲದ ಬರಹದ ಗತಿಯೇನೆಂಬುದಕ್ಕೂ ಯಳಂದೂರು ಸೀಮೆಯಲ್ಲಿ ನಿದರ್ಶನವಿದೆ. ಸಂಸ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ನಾಟಕಕಾರ ಎ. ಎನ್. ಸ್ವಾಮಿ ವೆಂಕಟಾದ್ರಿ ಅಯ್ಯರ್ ಅವರು ೧೮೯೮ರಲ್ಲಿ ಯಳಂದೂರು ತಾಲ್ಲೂಕಿನ ಅಗರದಲ್ಲಿ ಜನಿಸಿದರು. ಮೈಸೂರು ಅರಸರ ಇತಿಹಾಸವನ್ನು ವಸ್ತುವಾಗಿಟ್ಟುಕೊಂಡು ಅವರು ಇಪ್ಪತ್ತಮೂರು ನಾಟಕಗಳನ್ನು ಬರೆದರೆಂದು ಹೇಳುತ್ತಾರೆ. ಉಳಿದಿರುವುದು ಆರು. ದಳವಾಯಿ ವಿಕ್ರಮರಾಯನ ದ್ರೋಹವನ್ನು ಚಿತ್ರಿಸುವ ವಿಗಡ ವಿಕ್ರಮರಾಯ ಅವುಗಳಲ್ಲಿ ಒಂದು. ಪೊಲೀಸರು ತಮ್ಮ ಬೆನ್ನು ಹತ್ತಿದ್ದಾರೆಂಬ ಭೀತಿಯಿಂದ ಊರೂರು ಅಲೆದ ಸಂಸರು ೧೯೩೯ರಲ್ಲಿ ಮೈಸೂರಿನಲ್ಲಿ ತಮ್ಮ ಬಾಳನ್ನು ತಾವೇ ಮುಗಿಸಿಕೊಂಡರು.

ಹಳಗನ್ನಡದ ಸೊಗಡಿನ ಸಂಸರ ಗದ್ಯ ಅನನ್ಯವಾದುದು. ಹಲವರ ಸಲಹೆಯಂತೆ ತಿದ್ದಿದ್ದರೆ ಆ ಬಿಗಿ ಸಡಿಲವಾಗಿ ಹೋಗುತ್ತಿತ್ತೆಂದು ವಾದಿಸಬಹುದು. ಆ ವಾದದಲ್ಲಿ ಸತ್ಯಾಂಶವಿದೆ. ಆದರೆ ಓದುಗನು ದೋಷವನ್ನು ತೋರಿಸುವವನು ಮಾತ್ರವಲ್ಲ, ಬರಹವನ್ನು ಕಾಪಾಡುವವನೂ ಹೌದು. ಒಂದು ಹಸ್ತಪ್ರತಿಯನ್ನು ಇಬ್ಬರು ಗೆಳೆಯರು ಓದಿ ಪ್ರತಿ ಮಾಡಿಕೊಂಡಿದ್ದರೆ ಅದು ಮೂರು ಮನೆಗಳಲ್ಲಿ ಉಳಿಯುತ್ತದೆ. ಹದಿನೇಳು ನಾಟಕಗಳ ನಷ್ಟವನ್ನು ನೆನೆದಾಗ ಇದು ಎಷ್ಟು ದೊಡ್ಡ ಉಪಕಾರವೆಂಬುದು ಮನದಟ್ಟಾಗುತ್ತದೆ.

೭

ಶೈಲಿಯ ಮಾತು ಹಾಗಿರಲಿ. ಇತಿಹಾಸದ ವಿದ್ಯಾರ್ಥಿಗೆ ಓರಗೆಯವರಿಂದ ದೊರೆಯುವ ಮುಖ್ಯ ಸಹಾಯ ಸಂಗತಿಗಳ ತಿದ್ದುಪಡಿಯಲ್ಲಿದೆ. ಈ ಮೂರು ಊರುಗಳ ಆಡಳಿತದ ಇತಿಹಾಸವನ್ನು ಬಲ್ಲವರಿಗೆ ಇದು ಕೂಡಲೇ ಹೊಳೆಯುತ್ತದೆ. ೧೭೯೯ರಲ್ಲಿ ಟಿಪ್ಪುವಿನ ಪತನದ ನಂತರ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಮದರಾಸು ಅಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿತು. ಹನೂರು ಈ ತಾಲ್ಲೂಕಿನೊಳಗೇ ಇದ್ದಿತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಎರಡೂ ತಾಲ್ಲೂಕುಗಳು ಅದರಲ್ಲಿ ಅಡಕವಾದುವು.

ಇದರ ಪರಿಣಾಮವಾಗಿ, ಕೆಲವೇ ಮೈಲಿಗಳ ಅಂತರದ ಎರಡು ಊರುಗಳ ದಾಖಲೆಗಳು ಎರಡು ಸರ್ಕಾರಗಳ ಕಪಾಟುಗಳಲ್ಲಿ ಕುಳಿತುವು. ಕೊಳ್ಳೇಗಾಲದ ವಿವರಗಳಿಗೆ ನಿಕೋಲ್ಸನ್ನನು ೧೮೮೭ರಲ್ಲಿ ಹೊರತಂದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ನೋಡಬೇಕು. ಯಳಂದೂರಿಗೆ ರೈಸರ ಮೈಸೂರು ಗ್ಯಾಸೆಟಿಯರನ್ನು ನೋಡಬೇಕು. ರೈಸರು ೧೮೯೮ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಯಳಂದೂರಿನ ಶಾಸನಗಳಿವೆ. ಮದರಾಸಿಗೆ ಸೇರಿದ್ದ ಕೊಳ್ಳೇಗಾಲದ ಶಾಸನಗಳು ಅದರಲ್ಲಿ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ೧೯೭೫ರಲ್ಲಿ ಪ್ರಕಟಿಸಿದ ಪರಿಷ್ಕೃತ ನಾಲ್ಕನೆಯ ಸಂಪುಟದಲ್ಲಿ ಕೊಳ್ಳೇಗಾಲಕ್ಕೂ ಸ್ಥಾನ ದೊರೆಯಿತು. ರೈಸರಂತಹ ಮಹಾವಿದ್ವಾಂಸರ ಗ್ರಂಥವೂ ಪರಿಷ್ಕರಣಕ್ಕೆ ಹೊರತಾಗಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು. ಅದರಿಂದ ರೈಸರ ಕೀರ್ತಿಗೆ ಕುಂದು ಬಂದಿಲ್ಲ. ಅವರ ಕೆಲಸ ಮುಂದುವರಿಯಿತು.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕೊಳ್ಳೇಗಾಲದ ಒಂದು ಕೆರೆಯನ್ನು ಕುರಿತು ಬರೆಯುವ ವಿದ್ಯಾರ್ಥಿನಿಯು ೧೯೩೦ರ ಸುಮಾರಿನಲ್ಲಿ ಮೈಸೂರು ಸರ್ಕಾರದವರು ಅದನ್ನು ದುರಸ್ತಿ ಮಾಡಿಸಿದರೆಂದು ಬರೆಯುತ್ತಾಳೆ. ಇಂದಿನ ನಕ್ಷೆಯನ್ನು ಕಂಡು ಬೆಳೆದ ಆಕೆಗೆ ಅದರಲ್ಲಿ ದೋಷ ಕಾಣುವುದಿಲ್ಲ. ಮನೆಯ ಹಳೆಯ ಕ್ರಯಪತ್ರದಲ್ಲಿ ಕೊಯಮತ್ತೂರು ಜಿಲ್ಲೆಯೆಂಬ ಮಾತನ್ನು ಓದಿದ ಸಹಪಾಠಿಯೊಬ್ಬನು ಅದನ್ನು ತಟ್ಟನೆ ಹಿಡಿಯುತ್ತಾನೆ. ಆ ಒಂದು ಮಾತಿನಿಂದ ಪ್ರಬಂಧದ ದಿಕ್ಕೇ ಬದಲಾಗಬಹುದು. ಆಕೆ ಹುಡುಕಬೇಕಾದ ದಾಖಲೆ ಬೆಂಗಳೂರಿನಲ್ಲಿಲ್ಲ, ಚೆನ್ನೈಯಲ್ಲಿದೆ ಎಂದು ತಿಳಿಯುತ್ತದೆ. ಯಳಂದೂರಿನ ಸಹಪಾಠಿಯು ಅದೇ ಕರಡನ್ನು ಓದಿ, ತನ್ನ ಊರಿನ ಕೆರೆಗಳು ಜಹಗೀರಿನ ಆಡಳಿತದಲ್ಲಿದ್ದುದನ್ನು ಜ್ಞಾಪಿಸಿದರೆ, ಎರಡರ ಹೋಲಿಕೆ ಒಂದು ಹೊಸ ಅಧ್ಯಾಯವೇ ಆದೀತು. ಇಂತಹ ಓದುಗನು ಪಂಡಿತನಾಗಿರಬೇಕಾಗಿಲ್ಲ. ಬೇರೆ ಊರಿನಿಂದ, ಬೇರೆ ಮನೆಯಿಂದ ಬಂದವನಾಗಿದ್ದರೆ ಸಾಕು. ಕಣ್ಣಿನ ಕಾಡಿಗೆಯನ್ನು ಎದುರಿನಲ್ಲಿ ನಿಂತವನು ಯಾರಾದರೂ ಕಾಣಬಲ್ಲನು.

೮

ತಿದ್ದುಪಡಿಯ ಮಾತನ್ನು ಕೇಳುವಾಗ ಮನಸ್ಸಿಗಾಗುವ ನೋವನ್ನೂ ಇಲ್ಲಿ ಹೇಳಬೇಕು. ೧೯೨೨ರಲ್ಲಿ ಇಂಗ್ಲಿಷ್ ಕವಿತೆಗಳ ಸಣ್ಣ ಸಂಕಲನವನ್ನು ಪ್ರಕಟಿಸಿದ್ದ ವಿದ್ಯಾರ್ಥಿ ಪುಟ್ಟಪ್ಪನವರು ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ತಮ್ಮ ರಚನೆಗಳನ್ನು ತೋರಿಸಿದರು. ಮಾತೃಭಾಷೆಯಲ್ಲಿ ಬರೆಯಬೇಕೆಂದು ಕಸಿನ್ಸರು ಸೂಚಿಸಿದರು. ಮೆಚ್ಚುಗೆಯನ್ನು ನಿರೀಕ್ಷಿಸಿ ಹೋದ ತರುಣನಿಗೆ ಆ ಸೂಚನೆ ಮೊದಲು ಹಿಡಿಸಲಿಲ್ಲ. ಆದರೆ ಅದು ಮನಸ್ಸಿನಲ್ಲಿ ನಿಂತು, ಕನ್ನಡಕ್ಕೆ ಕುವೆಂಪು ದೊರೆತರು. ಗಮನಿಸಬೇಕಾದ ಅಂಶವೆಂದರೆ, ಕಸಿನ್ಸರಿಗೆ ಕನ್ನಡದಲ್ಲಿ ಏನು ಬರೆಯಬೇಕೆಂದು ಹೇಳುವ ಶಕ್ತಿಯಿರಲಿಲ್ಲ. ಅವರು ದಿಕ್ಕನ್ನು ತೋರಿಸಿದರು. ದಾರಿಯನ್ನು ನಡೆದವರು ಕುವೆಂಪು. ಅದಕ್ಕೂ ಮೊದಲೇ, ೧೯೧೯ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ಪ್ರಬುದ್ಧ ಕರ್ನಾಟಕವನ್ನು ಆರಂಭಿಸಿದ್ದರು. ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದೇ ಸಂಘದಲ್ಲಿ ಕೂಡಿ ಬರೆದು ಓದುವ ವಾತಾವರಣ ಅಂತಹ ಸಂಘಗಳಿಂದ ಬೆಳೆಯಿತು.

ಮೇಲಣ ನಿದರ್ಶನಗಳಿಂದ ಕೆಲವು ತೀರ್ಮಾನಗಳಿಗೆ ಬರಬಹುದಾಗಿದೆ. ಮೊದಲನೆಯದಾಗಿ, ತನ್ನ ದೋಷ ತನಗೆ ಕಾಣದಿರುವುದು ಬರವಣಿಗೆಯ ಸ್ವಭಾವ. ಆದುದರಿಂದ ಇನ್ನೊಬ್ಬರಿಗೆ ತೋರಿಸುವುದರಲ್ಲಿ ಅವಮಾನವಿಲ್ಲ. ಎರಡನೆಯದಾಗಿ, ತಿದ್ದುವವನ ಮಾತುಗಳಲ್ಲಿ ಸಂಗತಿ, ತರ್ಕ, ಭಾಷೆ, ರುಚಿ ಎಂಬ ಭೇದವಿದೆ. ಸಂಗತಿಯ ತಪ್ಪನ್ನು ತೋರಿಸಿದಾಗ ಆಧಾರವನ್ನು ನೋಡಿ ಒಪ್ಪಲೇಬೇಕು. ತರ್ಕದ ಕೊರತೆಯನ್ನು ತೋರಿಸಿದಾಗ ಉತ್ತರ ಕೊಡಬೇಕು, ಇಲ್ಲವೆ ವಾದವನ್ನು ಬದಲಾಯಿಸಬೇಕು. ದೇಸಿಯ ಮಾತಿನಲ್ಲಿ ಹೇಳಿದವನ ಪ್ರಾಂತವನ್ನು ವಿಚಾರಿಸಬೇಕು. ರುಚಿಯ ವಿಷಯದಲ್ಲಿ ಕೊನೆಯ ನಿರ್ಣಯ ಬರೆದವನದೇ. ಮೂರನೆಯದಾಗಿ, ಹೊನ್ನಮ್ಮನ ಪ್ರಶ್ನೆಯಂತೆ ಬರೆದವನಿಗೆ ಜೀವವಾದ ಮಾತೊಂದಿದ್ದರೆ, ಎಷ್ಟೇ ಮಂದಿ ಬೇಡವೆಂದರೂ ಅದನ್ನು ಉಳಿಸಿಕೊಳ್ಳುವ ಹಕ್ಕು ಅವನಿಗಿದೆ. ಅದಕ್ಕೆ ಕಾರಣ ಹೇಳುವ ಹೊಣೆಯೂ ಅವನದೇ.

ಕೊನೆಯದಾಗಿ ದಾಖಲೆಯ ಮಾತು. ಕಡತದ ಕಾಲದಲ್ಲಿ ಅರಿವೆಯನ್ನು ಒರಸದೆ ಮುಂದಿನ ಬರಹಕ್ಕೆ ಎಡೆಯಿರಲಿಲ್ಲ. ಇಂದಿನ ವಿದ್ಯಾರ್ಥಿಗೆ ಆ ಬಡತನವಿಲ್ಲ. ಮೊದಲ ಕರಡು, ಸಹಪಾಠಿಗಳು ಅಂಚಿನಲ್ಲಿ ಬರೆದ ಟಿಪ್ಪಣಿಗಳುಳ್ಳ ಎರಡನೆಯ ಕರಡು, ಯಾವ ಸಲಹೆಯನ್ನು ಏಕೆ ಒಪ್ಪಿತು, ಯಾವುದನ್ನು ಏಕೆ ಬಿಟ್ಟಿತು ಎಂದು ತಿಳಿಸುವ ಒಂದು ಪುಟ, ಇಷ್ಟನ್ನು ಪ್ರಬಂಧದೊಡನೆ ಕಟ್ಟಿ ವಿಭಾಗದ ಗ್ರಂಥಭಂಡಾರದಲ್ಲಿ ಇಡುವಂತಾಗಬೇಕು. ಅಧ್ಯಾಪಕರು ಅಂಕ ಕೊಡುವಾಗ ಈ ಪುಟವನ್ನೂ ಓದುವುದು ಒಳ್ಳೆಯದು; ವಿದ್ಯಾರ್ಥಿಯ ವಿವೇಕ ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಶುದ್ಧಪ್ರತಿಯಲ್ಲಿ ಕಾಣದು. ಯಳಂದೂರಿನ ಹೊನ್ನಮ್ಮನು ಬರೆದು ಹೊಡೆದುಹಾಕಿದ ಒಂದೇ ಒಂದು ಸಾಲು, ಅದರ ಪಕ್ಕದಲ್ಲಿ ಗುರುವಿನ ಒಂದು ಮಾತು, ಇಂದು ನಮಗೆ ದೊರೆತಿದ್ದರೆ ಅದರ ಬೆಲೆ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.